ದುಡಿಯುವ ತಾಯ್ತಂದೆಯರು ಮತ್ತು ಶಿಶುಪಾಲನೆಯ ವೆಚ್ಚ

ಕಾಯಕಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂಬುದನ್ನು ಹನ್ನೆರಡನೆಯ ಶತಮಾನದ ಶರಣರು ಬದುಕಿ ತೋರಿಸಿದರು. ಆಯ್ದಕ್ಕಿ ಮಾರಯ್ಯನೊಡನೆ ಲಕ್ಕಮ್ಮ, ಮೋಳಿಗೆ ಮಾರಯ್ಯನೊಡನೆ ಮಹಾದೇವಿಯಮ್ಮ ಸಮಭಾಗಿಗಳಾಗಿ ನಿಂತರು. ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲುವ ಕದಿರ ರೆಮ್ಮವ್ವೆ ಇವರ ಹೆಸರಿನೊಡನೆ ಅವರ ದುಡಿಮೆಯೂ ಇಂದಿಗೂ ಉಳಿದುಬಂದಿದೆ. ದುಡಿಯುವ ಹೆಣ್ಣುಮಗಳು ಈ ನಾಡಿಗೆ ಹೊಸಬಳಲ್ಲ. ಆದರೆ ಆಕೆ ದುಡಿಮೆಗೆ ಹೊರಟಾಗ ತೊಟ್ಟಿಲಿನ ಕೂಸನ್ನು ನೋಡಿಕೊಳ್ಳುವವರು ಯಾರು, ಅದರ ವೆಚ್ಚವನ್ನು ಹೊರುವವರು ಯಾರು ಎಂಬ ಪ್ರಶ್ನೆ ಮಾತ್ರ ಈಚಿನ ದಶಕಗಳಲ್ಲಿ ಹೊಸ ತೀವ್ರತೆಯನ್ನು ಪಡೆದುಕೊಂಡಿದೆ. ಈ ಪ್ರಶ್ನೆ ಮನೆಯೊಳಗಿನದೆಂದು ತೋರಿದರೂ ಅದರ ಪರಿಣಾಮ ಶಾಲೆಯ ಹಾಜರಿ ಪುಸ್ತಕದವರೆಗೂ ಬರುತ್ತದೆ. ಆದಕಾರಣ ಶಿಕ್ಷಣ ಸಂಸ್ಥೆಗಳೂ ಇದನ್ನು ವಿವೇಚಿಸುವುದು ಯುಕ್ತವಾಗಿದೆ.

ಸೀಮೆಯ ದುಡಿಮೆಯ ಸ್ವರೂಪ

2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚಿತವಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ದುಡಿಮೆಗೆ ಒಂದೊಂದು ಬಗೆಯ ಮುಖವಿದೆ. ಶಿಡ್ಲಘಟ್ಟವು ರೇಷ್ಮೆಗೂಡಿನ ಮಾರುಕಟ್ಟೆಯಿಂದಲೂ ನೂಲು ಬಿಚ್ಚಾಣಿಕೆಯಿಂದಲೂ ಪ್ರಖ್ಯಾತವಾದ ಊರು. ಚಿಕ್ಕಬಳ್ಳಾಪುರದ ಸುತ್ತ ಹೂವು, ದ್ರಾಕ್ಷಿ, ತರಕಾರಿಗಳ ಬೇಸಾಯವಿದೆ. ಚಿಂತಾಮಣಿಯ ಕಡೆ ಟೊಮೆಟೊ, ಮಾವು, ಕಡಲೆಕಾಯಿಗಳ ಬೆಳೆ ಮತ್ತು ವ್ಯಾಪಾರ ಉಂಟು. ಗೌರಿಬಿದನೂರಿನ ಕಡೆಯ ಹೆಣ್ಣುಮಕ್ಕಳಲ್ಲಿ ಅನೇಕರು ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಗೆಯ ಕೆಲಸಕ್ಕೆ ಹೋಗುತ್ತಾರೆ. ಇವಲ್ಲದೆ ನಾಲ್ಕೂ ಊರುಗಳಿಂದ ಬಸ್ಸಿನಲ್ಲಿ, ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ನೌಕರರೂ ಇದ್ದಾರೆ.

ಈ ಕೆಲಸಗಳೆಲ್ಲಕ್ಕೂ ಒಂದು ಸಮಾನ ಲಕ್ಷಣವಿದೆ. ಅದೆಂದರೆ ಅವುಗಳ ವೇಳೆ ಮಗುವಿನ ವೇಳೆಯೊಡನೆ ಹೊಂದುವುದಿಲ್ಲ. ಹೂವನ್ನು ಬಿಸಿಲೇರುವ ಮೊದಲೇ ಬಿಡಿಸಬೇಕು. ಟೊಮೆಟೊ ಕೊಯ್ಲು ಮಾರುಕಟ್ಟೆಯ ಹೊತ್ತಿಗೆ ಸರಿಯಾಗಿ ಆಗಬೇಕು. ಕಾರ್ಖಾನೆಯ ವಾಹನ ಯಾರಿಗಾಗಿಯೂ ಕಾಯುವುದಿಲ್ಲ. ಗೂಡಿನಿಂದ ಚಿಟ್ಟೆ ಹೊರಬರುವ ಮೊದಲೇ ನೂಲು ತೆಗೆಯಬೇಕಾದುದರಿಂದ ಬಿಚ್ಚಾಣಿಕೆಯವರಿಗೆ ನಾಳೆಗೆ ಮುಂದೂಡುವ ಅವಕಾಶ ಕಡಿಮೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣವನ್ನು ಉಚಿತಗೊಳಿಸಿ ದೂರದ ಕೆಲಸವನ್ನು ಹಲವರ ಕೈಗೆ ಎಟುಕಿಸಿತು. ಆದರೆ ಕೆಲಸ ದೂರವಾದಷ್ಟೂ ತಾಯಿ ಮನೆಯಿಂದ ಹೊರಗಿರುವ ಗಂಟೆಗಳು ಹೆಚ್ಚುತ್ತವೆ. ಬಸ್ಸಿನ ವೆಚ್ಚ ಇಳಿದೆಡೆಯಲ್ಲಿಯೇ ಶಿಶುಪಾಲನೆಯ ವೆಚ್ಚ ಏರುತ್ತದೆ.

ಕಾಣದ ಬೆಲೆ

ಹಿಂದೆ ಅವಿಭಕ್ತ ಕುಟುಂಬಗಳಲ್ಲಿ ಅಜ್ಜಿಯೋ ದೊಡ್ಡಮ್ಮನೋ ಕೂಸನ್ನು ನೋಡಿಕೊಳ್ಳುತ್ತಿದ್ದರು. ಇಂದಿಗೂ ಅನೇಕ ಮನೆಗಳಲ್ಲಿ ಈ ಪುಣ್ಯವುಂಟು. ಆದರೆ ಹಳ್ಳಿಯಿಂದ ಪೇಟೆಗೆ ಬಂದು ಬಾಡಿಗೆಯ ಮನೆಯಲ್ಲಿರುವ ಸಂಸಾರಕ್ಕೆ ಅಜ್ಜಿ ಊರಿನಲ್ಲಿಯೇ ಉಳಿದಿರುತ್ತಾಳೆ. ಕೆಲವು ವೇಳೆ ಆ ಅಜ್ಜಿಯೂ ಕೂಲಿಗೆ ಹೋಗುವವಳೇ ಆಗಿರುತ್ತಾಳೆ. ಆಗ ತಾಯಿಗೆ ಉಳಿಯುವ ಮಾರ್ಗಗಳು ನಾಲ್ಕು: ಮಗುವನ್ನು ಕೆಲಸದ ಸ್ಥಳಕ್ಕೆ ಒಯ್ಯುವುದು, ಹಣ ಕೊಟ್ಟು ನೋಡಿಕೊಳ್ಳುವವರನ್ನು ಗೊತ್ತುಮಾಡುವುದು, ದೊಡ್ಡ ಮಗಳ ಕೈಗೆ ಒಪ್ಪಿಸುವುದು, ಇಲ್ಲವೆ ಕೆಲಸವನ್ನೇ ಬಿಡುವುದು.

ಮೊದಲನೆಯದರಲ್ಲಿ ಅಪಾಯವಿದೆ. ಬಿಚ್ಚಾಣಿಕೆಯ ಮನೆಯಲ್ಲಿ ಕುದಿಯುವ ನೀರಿನ ಬೇಸಿನ್ನುಗಳು, ಒಲೆಯ ಹೊಗೆ, ತಿರುಗುವ ಯಂತ್ರಗಳಿರುತ್ತವೆ. ತೋಟದಲ್ಲಿ ಸಿಂಪಡಿಸಿದ ಔಷಧಿ, ಪ್ಲಾಸ್ಟಿಕ್ ಹಾಸಿದ ಆಳವಾದ ಕೃಷಿಹೊಂಡಗಳಿರುತ್ತವೆ. ಅಂಬೆಗಾಲಿಡುವ ಕೂಸಿಗೆ ಇವೆರಡೂ ತಕ್ಕ ಸ್ಥಳಗಳಲ್ಲ.

ಮೂರನೆಯ ಮಾರ್ಗ ಹಣದ ಲೆಕ್ಕಕ್ಕೆ ಸಿಗದು. ಆದರೆ ಅದರ ಬೆಲೆ ಎಲ್ಲಕ್ಕಿಂತ ಹೆಚ್ಚು. ಹತ್ತು ಹನ್ನೆರಡು ವರ್ಷದ ಅಕ್ಕ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿ ಉಳಿಯುತ್ತಾಳೆ. ಆರಂಭದಲ್ಲಿ ವಾರಕ್ಕೊಂದು ದಿನ ಗೈರುಹಾಜರಿ. ಅನಂತರ ಎರಡು ದಿನ. ಗೂಡಿನ ಕಾಲದಲ್ಲಿ ವಾರಪೂರ್ತಿ. ಲೆಕ್ಕದ ಪಾಠದಲ್ಲಿ ಹಿಂದೆ ಬಿದ್ದ ಹುಡುಗಿಗೆ ಶಾಲೆಯೆಂದರೆ ಅಂಜಿಕೆಯಾಗುತ್ತದೆ. ಕೊನೆಗೆ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದು ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವನ್ನು ಹಕ್ಕಾಗಿಸಿತು. ಆದರೆ ಎರಡು ವರ್ಷದ ತಮ್ಮನಿಗೆ ಒಂದು ನೆಲೆ ದೊರೆಯದ ಹೊರತು ಹನ್ನೆರಡು ವರ್ಷದ ಅಕ್ಕನಿಗೆ ಆ ಹಕ್ಕು ಪೂರ್ಣವಾಗಿ ದೊರೆಯಲಾರದು. ಶಿಶುಪಾಲನೆಯ ಪ್ರಶ್ನೆ ಶಾಲೆಯ ಪ್ರಶ್ನೆಯೂ ಆಗುವುದು ಹೀಗೆ.

ಮನೆಯ ಜಮಾಖರ್ಚು

ಹಣದ ಲೆಕ್ಕವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಇಲ್ಲಿಯ ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಹಿಡಿದವು. ಆಯಾ ಊರಿನ ದರಕ್ಕೆ ಅನುಗುಣವಾಗಿ ಬದಲಿಸಿಕೊಳ್ಳಬೇಕು. ತಾಯಿಯ ದಿನದ ಕೂಲಿ 400 ರೂ., ತಿಂಗಳಿಗೆ 26 ದಿನದ ಕೆಲಸ ಎಂದಿಟ್ಟುಕೊಂಡರೆ ಆಕೆಯ ಗಳಿಕೆ 10,400 ರೂ. ಮಗುವನ್ನು ನೋಡಿಕೊಳ್ಳುವವರಿಗೆ 3,500 ರೂ., ಹಾಲು ಮತ್ತು ತಿಂಡಿಗೆ 900 ರೂ. ಕೊಟ್ಟರೆ ಉಳಿಯುವುದು 6,000 ರೂ. ಚಿಕ್ಕ ಮಕ್ಕಳು ಎರಡಿದ್ದು ವೆಚ್ಚವೂ ಇಮ್ಮಡಿಯಾದರೆ 8,800 ರೂ. ಹೋಗಿ 1,600 ರೂ. ಉಳಿಯುತ್ತದೆ. ಆ ತಿಂಗಳು ಮಗುವಿಗೆ ಜ್ವರ ಬಂದು ನಾಲ್ಕು ದಿನದ ಕೂಲಿ ತಪ್ಪಿತೆಂದರೆ ಉಳಿದ 1,600 ರೂ. ಕೂಡ ಇಲ್ಲವಾಗುತ್ತದೆ. ತಿಂಗಳೆಲ್ಲ ದುಡಿದ ಕೈಗೆ ಬಂದದ್ದು ಸೊನ್ನೆ. ಇಂತಹ ಸಂದರ್ಭದಲ್ಲಿ ಕೆಲಸ ಬಿಡುವುದೇ ಲೇಸೆಂದು ಮನೆಯವರಿಗೆ ತೋರುವುದು ಸಹಜವೇ ಆಗಿದೆ.

ಆದರೆ ಈ ಲೆಕ್ಕದಲ್ಲಿ ಎರಡು ದೋಷಗಳಿವೆ. ಮೊದಲನೆಯದು, ಶಿಶುಪಾಲನೆಯ ವೆಚ್ಚವನ್ನು ತಾಯಿಯ ಗಳಿಕೆಯೊಂದರಿಂದಲೇ ಕಳೆಯುವುದು. ಮಗು ಇಬ್ಬರದು. ತಂದೆಯ ದಿನಗೂಲಿ 600 ರೂ. ಎಂದು ಹಿಡಿದರೆ ಅವನ ತಿಂಗಳ ಗಳಿಕೆ 15,600 ರೂ.; ಇಬ್ಬರದೂ ಸೇರಿ 26,000 ರೂ. ಈ ಮೊತ್ತದಿಂದ 8,800 ರೂ. ಕಳೆದರೆ ವೆಚ್ಚವು ಆದಾಯದ ಮೂರನೆಯ ಒಂದು ಭಾಗದಷ್ಟಾಗುತ್ತದೆ. ಅದು ಭಾರವೇ ಹೌದು, ಆದರೆ ತಾಯಿಯ ದುಡಿಮೆ ವ್ಯರ್ಥವೆಂಬ ತೀರ್ಮಾನಕ್ಕೆ ಆಗ ಆಸ್ಪದವಿಲ್ಲ. ಎರಡನೆಯ ದೋಷ, ಇಂದಿನ ತಿಂಗಳನ್ನು ಮಾತ್ರ ನೋಡುವುದು. ಶಿಶುಪಾಲನೆಯ ದೊಡ್ಡ ವೆಚ್ಚ ಮಗುವಿಗೆ ಮೂರು ನಾಲ್ಕು ವರ್ಷ ತುಂಬುವವರೆಗೆ ಮಾತ್ರ. ಕೆಲಸ ಬಿಟ್ಟ ತಾಯಿ ಕಳೆದುಕೊಳ್ಳುವುದಾದರೋ ಅದಕ್ಕಿಂತ ದೀರ್ಘಕಾಲದ್ದು: ಕೈಗೆ ಹತ್ತಿದ ಕಸುಬು, ಕಾರ್ಖಾನೆಯಲ್ಲಾದರೆ ಸೇವೆಯ ಹಿರಿತನ, ಭವಿಷ್ಯನಿಧಿಯ ಕೂಡಿಕೆ. ಮತ್ತೆ ಸೇರುವಾಗ ಆಕೆ ಹೊಸಬಳಂತೆ ಮೊದಲ ಮೆಟ್ಟಿಲಿನಿಂದ ಏರಬೇಕಾಗುತ್ತದೆ.

ಕಾನೂನು ಮತ್ತು ಯೋಜನೆಗಳು

ಈ ಭಾರವನ್ನು ಕುಟುಂಬವೊಂದೇ ಹೊರಬೇಕಾದುದಿಲ್ಲವೆಂಬ ವಿಚಾರಕ್ಕೆ ದೀರ್ಘವಾದ ಇತಿಹಾಸವುಂಟು. ಪ್ಯಾರಿಸ್ ನಗರದಲ್ಲಿ 1844ರಲ್ಲಿ ಫಿರ್ಮಿನ್ ಮಾರ್ಬೊ ಎಂಬುವರು ದುಡಿಯುವ ಬಡ ತಾಯಂದಿರ ಕೂಸುಗಳಿಗಾಗಿ ಕ್ರೆಷ್ ಎಂಬ ಶಿಶುಪಾಲನಾ ಗೃಹವನ್ನು ತೆರೆದರು. ತಾಯಂದಿರಿಂದ ಅಲ್ಪ ಶುಲ್ಕ, ಉಳಿದುದಕ್ಕೆ ದಾನಿಗಳ ನೆರವು ಎಂಬುದು ಅದರ ಕ್ರಮವಾಗಿತ್ತು. ಭಾರತದಲ್ಲಿ 1969ರಲ್ಲಿ ದೆಹಲಿಯ ರಾಜಘಾಟದ ಬಳಿ, ಗಾಂಧಿ ಶತಾಬ್ದಿಯ ಕಟ್ಟಡ ಕೆಲಸದ ಸ್ಥಳದಲ್ಲಿ ಧೂಳಿನಲ್ಲಿ ಬಿದ್ದಿದ್ದ ಕೂಲಿಕಾರರ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಅವರು ಒಂದು ಡೇರೆಯಲ್ಲಿ ಆರಂಭಿಸಿದ ಕಾರ್ಯ ಮೊಬೈಲ್ ಕ್ರೆಷಸ್ ಸಂಸ್ಥೆಯಾಗಿ ಬೆಳೆಯಿತು.

ಕಾನೂನಿನ ಕಡೆ ನೋಡಿದರೆ, 1948ರ ಕಾರ್ಖಾನೆ ಕಾಯಿದೆಯು ಮಹಿಳೆಯರು 50ಕ್ಕಿಂತ ಹೆಚ್ಚಿರುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು ವಿಧಿಸಿತು. 1976ರಲ್ಲಿ ಈ ಸಂಖ್ಯೆಯನ್ನು 30ಕ್ಕೆ ಇಳಿಸಲಾಯಿತು. 2017ರಲ್ಲಿ ಪ್ರಸೂತಿ ಸೌಲಭ್ಯ ಕಾಯಿದೆಗೆ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಅಥವಾ ಹೆಚ್ಚು ನೌಕರರುಳ್ಳ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂದೂ ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ಕಂಡುಬರಲು ಅವಕಾಶವಿರಬೇಕೆಂದೂ ಗೊತ್ತಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಹಳೆಯ ಕಾಯಿದೆಗಳ ಸ್ಥಾನವನ್ನು ಪಡೆದುವು. ಅವುಗಳಲ್ಲಿಯೂ ಶಿಶುಪಾಲನಾ ಸೌಲಭ್ಯದ ಹೊಣೆ 50ರ ಆಸುಪಾಸಿನ ನೌಕರರ ಸಂಖ್ಯೆಯನ್ನೇ ಆಧರಿಸಿದೆ. ಗೌರಿಬಿದನೂರಿನ ಕಡೆಯ ದೊಡ್ಡ ಉಡುಪು ಕಾರ್ಖಾನೆಯಲ್ಲಿ ದುಡಿಯುವ ತಾಯಿ ಈ ಹಕ್ಕನ್ನು ಕೇಳಬಹುದು. ಆದರೆ ಹತ್ತು ಹದಿನೈದು ಜನರಿರುವ ಶಿಡ್ಲಘಟ್ಟದ ಬಿಚ್ಚಾಣಿಕೆ ಮನೆಯ ಅಥವಾ ಚಿಂತಾಮಣಿಯ ಟೊಮೆಟೊ ತೋಟದ ತಾಯಿ ಆ ಸಂಖ್ಯೆಯ ಬಲೆಯಿಂದ ಹೊರಗೆ ಉಳಿಯುತ್ತಾಳೆ.

ಸರ್ಕಾರದ ಯೋಜನೆಗಳಲ್ಲಿ ಎಲ್ಲಕ್ಕೂ ವ್ಯಾಪಕವಾದುದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದುದು ತಿರುಮಕೂಡಲು ನರಸೀಪುರ. ಅಂಗನವಾಡಿಯಿಂದ ಮೂರರಿಂದ ಆರು ವರ್ಷದ ಮಕ್ಕಳಿಗೆ ಆಹಾರ ಮತ್ತು ಶಾಲಾಪೂರ್ವ ಶಿಕ್ಷಣ ದೊರೆಯುತ್ತದೆ. ಮೂರು ವರ್ಷದೊಳಗಿನವರಿಗೆ ಪೌಷ್ಟಿಕ ಆಹಾರ ಮನೆಗೆ ಹೋಗುತ್ತದೆ. ಆದರೆ ಸಾಮಾನ್ಯವಾಗಿ ಮಗುವನ್ನು ಹಗಲಿಡೀ ಅಲ್ಲಿ ಬಿಟ್ಟುಹೋಗುವ ಏರ್ಪಾಡು ಇಲ್ಲ. ಈ ಕೊರತೆಯನ್ನು ತುಂಬಲು 2006ರಲ್ಲಿ ರಾಜೀವ್ ಗಾಂಧಿ ರಾಷ್ಟ್ರೀಯ ಶಿಶುಪಾಲನಾ ಯೋಜನೆ ಬಂದಿತು. ಅದು 2017ರಲ್ಲಿ ರಾಷ್ಟ್ರೀಯ ಕ್ರೆಷ್ ಯೋಜನೆಯಾಗಿ, 2022ರಲ್ಲಿ ಮಿಷನ್ ಶಕ್ತಿಯ ಅಂಗವಾಗಿ ಪಾಲನಾ ಎಂಬ ಹೆಸರನ್ನು ಪಡೆಯಿತು. 2017ರ ಯೋಜನೆಯಲ್ಲಿ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ಎಂಬ ಕ್ರಮವಿತ್ತು. ಕರ್ನಾಟಕ ಸರ್ಕಾರವು 2023-24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ಘೋಷಿಸಿತು. ಇವು ಉತ್ತಮ ಹೆಜ್ಜೆಗಳೇ. ಹಾಗಿದ್ದರೂ ಮುಂಜಾನೆ ಆರಕ್ಕೆ ಹೂವು ಬಿಡಿಸಲು ಹೋಗುವವಳಿಗೆ, ಸಂಜೆ ಏಳಕ್ಕೆ ಬೆಂಗಳೂರಿನಿಂದ ಹಿಂದಿರುಗುವವಳಿಗೆ ಏಳೂವರೆ ಗಂಟೆ ಸಾಲುವುದಿಲ್ಲ.

ಚಾಕಿ ಕೇಂದ್ರದ ಪಾಠ

ಪರಿಹಾರದ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ಈ ಸೀಮೆಯ ರೇಷ್ಮೆ ಬೆಳೆಗಾರರು ಅದನ್ನು ತಮ್ಮ ಕಸುಬಿನಲ್ಲಿಯೇ ಕಂಡುಕೊಂಡಿದ್ದಾರೆ. ರೇಷ್ಮೆಹುಳು ನಾಲ್ಕು ಜ್ವರಗಳನ್ನು ದಾಟಿ, ಐದು ಹಂತಗಳಲ್ಲಿ ಬೆಳೆದು, ಹಣ್ಣಾಗಿ ಚಂದ್ರಿಕೆಯನ್ನು ಏರುತ್ತದೆ. ಎರಡನೆಯ ಜ್ವರ ಕಳೆಯುವವರೆಗಿನ ಎಳೆಯ ಹುಳುವೇ ಚಾಕಿ. ಈ ಏಳೆಂಟು ದಿನಗಳಲ್ಲಿ ಹುಳು ತಿನ್ನುವ ಸೊಪ್ಪು ಅತ್ಯಲ್ಪ. ಆದರೆ ಅದಕ್ಕೆ ಎಳೆಯ ಸೊಪ್ಪೇ ಬೇಕು, ಹದವಾದ ಶಾಖ ಮತ್ತು ತೇವ ಬೇಕು, ಶುಚಿತ್ವ ಬೇಕು. ಈ ಹಂತದಲ್ಲಿ ಮಾಡಿದ ಅಲಕ್ಷ್ಯವನ್ನು ಮುಂದೆ ಎಷ್ಟು ಸೊಪ್ಪು ಹಾಕಿದರೂ ಸರಿಪಡಿಸಲಾಗುವುದಿಲ್ಲ. ಹಿಂದೆ ಪ್ರತಿಯೊಬ್ಬ ರೈತನೂ ತನ್ನ ಮನೆಯ ಮೂಲೆಯಲ್ಲಿ ಚಾಕಿ ಕಟ್ಟುತ್ತಿದ್ದನು. ಕ್ರಮೇಣ ಚಾಕಿ ಸಾಕಾಣಿಕೆ ಕೇಂದ್ರಗಳು ಬಂದುವು. ಅಲ್ಲಿ ನುರಿತವರು ಹಲವು ರೈತರ ಹುಳುಗಳನ್ನು ಒಂದೇ ಕಡೆ ಸಾಕುತ್ತಾರೆ. ರೈತನು 100 ಮೊಟ್ಟೆಗೆ ಇಷ್ಟೆಂದು ಹಣ ಕೊಟ್ಟು ಎರಡನೆಯ ಜ್ವರ ಎದ್ದ ಹುಳುಗಳನ್ನು ಮನೆಗೆ ತರುತ್ತಾನೆ. ಒಬ್ಬನಿಗೆ ಹೊರೆಯಾಗುತ್ತಿದ್ದ ವೆಚ್ಚ ಹಲವರಲ್ಲಿ ಹಂಚಿಹೋಗುತ್ತದೆ, ಬೆಳೆಯೂ ಸ್ಥಿರವಾಗುತ್ತದೆ.

ಕೂಸು ಹುಳುವಲ್ಲ, ನಿಜ. ಕೂಸಿಗೆ ಶಾಖ ತೇವಗಳ ಜೊತೆಗೆ ಮಡಿಲು ಬೇಕು, ಮಾತು ಬೇಕು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಆಹಾರವಾಗಿರಬೇಕೆಂದು ವೈದ್ಯರು ಹೇಳುತ್ತಾರೆ. ಗರ್ಭದಿಂದ ಎರಡು ವರ್ಷ ತುಂಬುವವರೆಗಿನ ಸುಮಾರು ಸಾವಿರ ದಿನಗಳ ಪೋಷಣೆಯೇ ಮುಂದಿನ ದೇಹ ಬುದ್ಧಿಗಳ ಬೆಳವಣಿಗೆಗೆ ಅಡಿಪಾಯವೆಂದೂ ತಿಳಿಸುತ್ತಾರೆ. ಹಾಗಿರುವಾಗ ಎಳೆಯ ಹುಳುವಿಗೆ ಒಟ್ಟಾಗಿ ಮಾಡಿಕೊಂಡ ಏರ್ಪಾಟನ್ನು ಎಳೆಯ ಕೂಸಿಗೂ ಒಟ್ಟಾಗಿ ಮಾಡಿಕೊಳ್ಳುವುದು ಇದೇ ಜನಕ್ಕೆ ಅಸಾಧ್ಯವಾಗಲಾರದು.

ಶಾಲೆಯ ಆವರಣದಲ್ಲಿ ಶಿಶುವಿಹಾರ

ಮಠಗಳು ನಡೆಸುವ ವಿದ್ಯಾಸಂಸ್ಥೆಗಳಿಗೆ ಈ ಕಾರ್ಯದಲ್ಲಿ ವಿಶೇಷವಾದ ಅನುಕೂಲವಿದೆ. ಕಟ್ಟಡವಿದೆ, ಅಂಗಳವಿದೆ, ಕುಡಿಯುವ ನೀರಿದೆ. ಎಲ್ಲಕ್ಕಿಂತ ಮಿಗಿಲಾಗಿ ದಾಸೋಹದ ಪರಂಪರೆಯಿದೆ. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒದಗಿಸಿದುದು ಲೋಕವಿದಿತ. ಉಚಿತ ಪ್ರಸಾದನಿಲಯಗಳು ಶಾಲೆಗೆ ಬರಬಲ್ಲ ವಯಸ್ಸಿನ ಮಕ್ಕಳನ್ನು ಸಲಹಿದುವು. ಅದೇ ದಾಸೋಹವನ್ನು ಇನ್ನಷ್ಟು ಕೆಳಗಿನ ವಯಸ್ಸಿಗೆ ವಿಸ್ತರಿಸುವುದು ಈಗಿನ ಅವಶ್ಯಕತೆ.

ಇದರ ವೆಚ್ಚವನ್ನೂ ಮೊದಲಿನ ಉದಾಹರಣೆಯ ಜಾಡಿನಲ್ಲಿಯೇ ನೋಡಬಹುದು. 15 ಕೂಸುಗಳಿಗೆ ಇಬ್ಬರು ಪಾಲಕಿಯರು. ಮಗುವನ್ನು ಬಿಟ್ಟುಹೋಗುವ ತಾಯಿಗಿಂತ ಮಗುವನ್ನು ನೋಡಿಕೊಳ್ಳುವ ತಾಯಿಗೆ ಕಡಿಮೆ ಸಂಬಳವಿರುವುದು ನ್ಯಾಯವಲ್ಲವಾದುದರಿಂದ ತಲಾ 10,400 ರೂ.ನಂತೆ 20,800 ರೂ. ದಿನಕ್ಕೆ ಒಂದು ಕೂಸಿಗೆ 20 ರೂ.ನಂತೆ 26 ದಿನದ ಆಹಾರಕ್ಕೆ 7,800 ರೂ. ಬಾಡಿಗೆ, ವಿದ್ಯುತ್ತು, ಸಾಬೂನು, ಬಟ್ಟೆ, ಔಷಧಿಗಳಿಗೆ 3,400 ರೂ. ಒಟ್ಟು 32,000 ರೂ.; ಕೂಸೊಂದಕ್ಕೆ ಸುಮಾರು 2,133 ರೂ. ಹಲವರು ಕೂಡಿದ ಮಾತ್ರದಿಂದಲೇ 4,400 ರೂ.ನ ಹೊರೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಸ್ಥಳವನ್ನೂ ಆಹಾರವನ್ನೂ ಸಂಸ್ಥೆ ದಾಸೋಹವಾಗಿ ಒದಗಿಸಿದರೆ ಸಂಬಳದ 20,800 ರೂ. ಮಾತ್ರ ಉಳಿಯುತ್ತದೆ.

ಈ ಮೊತ್ತವನ್ನು ಎಲ್ಲರಿಂದಲೂ ಸಮನಾಗಿ ಪಡೆಯಬೇಕಾದುದಿಲ್ಲ. 2017ರ ಕೇಂದ್ರ ಯೋಜನೆಯಲ್ಲಿ ಕುಟುಂಬದ ಆದಾಯಕ್ಕೆ ತಕ್ಕಂತೆ ತಿಂಗಳಿಗೆ 20, 100 ಮತ್ತು 200 ರೂ. ಎಂದು ಮೂರು ದರ್ಜೆಯ ಶುಲ್ಕವಿತ್ತು. ಅದೇ ನೀತಿಯಂತೆ ಐವರಿಂದ 400, ಐವರಿಂದ 700, ಐವರಿಂದ 1,100 ರೂ. ಪಡೆದರೆ 11,000 ರೂ. ಕೂಡುತ್ತದೆ. ಕೊರತೆ ತಿಂಗಳಿಗೆ 9,800 ರೂ., ವರ್ಷಕ್ಕೆ 1,17,600 ರೂ. ಶೇಕಡಾ 6ರ ಬಡ್ಡಿ ಬರುವುದಾದರೆ 19 ಲಕ್ಷ 60 ಸಾವಿರ ರೂ.ನ ಪುದುವಟ್ಟು ಈ ಕೊರತೆಯನ್ನು ತುಂಬುತ್ತದೆ. ಕೂಲಿ ಮತ್ತು ಬೆಲೆಗಳು ಏರುತ್ತಿರುವುದರಿಂದ ಪುದುವಟ್ಟಿಗೆ ಆಗಾಗ್ಗೆ ಸೇರಿಸುತ್ತ ಹೋಗಬೇಕಾಗುವುದು. ಕೊಠಡಿಯ ಗೋಡೆಯ ಮೇಲೆ ಹೆಸರು ಕೆತ್ತಿಸುವ ದಾನಕ್ಕಿಂತ ಪಾಲಕಿಯ ಸಂಬಳಕ್ಕೆ ಕೊಟ್ಟ ದಾನ ಕಣ್ಣಿಗೆ ಕಡಿಮೆ ಕಂಡೀತು. ಆದರೆ ಶಿಶುವಿಹಾರದ ಬಾಗಿಲು ನಿತ್ಯವೂ ತೆರೆದಿರುವುದು ಅದರಿಂದಲೇ.

ಗಮನಿಸಬೇಕಾದ ಅಂಶಗಳು

ಇಂತಹ ಕಾರ್ಯವನ್ನು ಕೈಗೊಳ್ಳುವವರು ಕೆಲವು ವಿಷಯಗಳನ್ನು ಮೊದಲೇ ಯೋಚಿಸಬೇಕು.

ಒಂದು, ವೇಳೆ. ಶಾಲೆಯ ಗಂಟೆಗೆ ಅಲ್ಲ, ದುಡಿಮೆಯ ಗಂಟೆಗೆ ಅನುಗುಣವಾಗಿ ಬಾಗಿಲು ತೆರೆಯಬೇಕು. ಹೂವಿನ ಊರಿಗೆ ಮುಂಜಾನೆಯ ಸರದಿ, ಬಸ್ಸಿನ ಊರಿಗೆ ಸಂಜೆಯ ಸರದಿ ಅಗತ್ಯ. ದಸರೆಯ ಮತ್ತು ಬೇಸಗೆಯ ರಜೆಗಳಲ್ಲಿ ಶಾಲೆ ಮುಚ್ಚಿದರೂ ಶಿಶುವಿಹಾರ ಮುಚ್ಚುವಂತಿಲ್ಲ. ವೇಳೆ ಉದ್ದವಾದಂತೆ ಪಾಲಕಿಯರ ಸಂಖ್ಯೆಯನ್ನೂ ಹೆಚ್ಚಿಸಬೇಕಾದುದರಿಂದ ವೆಚ್ಚದ ಪಟ್ಟಿಯನ್ನು ಅದಕ್ಕೆ ತಕ್ಕಂತೆ ಸಿದ್ಧಪಡಿಸಬೇಕು.

ಎರಡು, ಭಾಷೆ. ಈ ಸೀಮೆಯ ಮನೆಗಳಲ್ಲಿ ಕನ್ನಡದೊಡನೆ ತೆಲುಗು, ಶಿಡ್ಲಘಟ್ಟ, ಚಿಂತಾಮಣಿಗಳ ಅನೇಕ ಮನೆಗಳಲ್ಲಿ ಉರ್ದು ಕೇಳಿಬರುತ್ತದೆ. ಅಳುವ ಕೂಸನ್ನು ಅದರ ಮನೆಮಾತಿನಲ್ಲಿಯೇ ಸಂತೈಸಬಲ್ಲ ಪಾಲಕಿ ಬೇಕು. ಕನ್ನಡವು ಆಟದ ಮೂಲಕ ತಾನಾಗಿ ಬರುತ್ತದೆ. ಜಾತಿ ಮತಗಳ ಭೇದವಿಲ್ಲದೆ ಎಲ್ಲ ಕೂಸುಗಳೂ ಒಂದೇ ಪಂಕ್ತಿಯಲ್ಲಿ ಉಣ್ಣುವುದು ಶರಣರ ಮಾರ್ಗಕ್ಕೆ ಸಹಜವಾದುದೇ ಆಗಿದೆ.

ಮೂರು, ಸುರಕ್ಷತೆ. ಪಾಲಕಿಗೆ ಪ್ರಥಮ ಚಿಕಿತ್ಸೆಯ ತಿಳಿವಳಿಕೆ, ಕೂಸನ್ನು ಒಪ್ಪಿಸುವಾಗ ಮತ್ತು ಪಡೆಯುವಾಗ ಸಹಿಯ ಪುಸ್ತಕ, ತಿಂಗಳಿಗೊಮ್ಮೆ ತೂಕ, ಚುಚ್ಚುಮದ್ದಿನ ದಾಖಲೆ ಇವುಗಳಿಗೆ ಹೆಚ್ಚಿನ ಹಣ ಬೇಡ. ನಿಯಮ ಪಾಲನೆ ಬೇಕು. ಸಮೀಪದ ಅಂಗನವಾಡಿ ಮತ್ತು ಆರೋಗ್ಯ ಕೇಂದ್ರಗಳೊಡನೆ ಹೊಂದಿಕೊಂಡು ನಡೆದರೆ ಶ್ರಮವೂ ವೆಚ್ಚವೂ ಉಳಿಯುತ್ತವೆ.

ನಾಲ್ಕು, ತಾಯ್ತಂದೆಯರ ಪಾತ್ರ. ಶುಲ್ಕ ಎಷ್ಟೇ ಅಲ್ಪವಾಗಿರಲಿ, ಕೊಡುವವರಿಗೆ ಕೇಳುವ ಅಧಿಕಾರವಿರುತ್ತದೆ. ತಿಂಗಳಿಗೊಮ್ಮೆ ಸೇರುವ ಸಭೆಗೆ ತಾಯಂದಿರಷ್ಟೇ ಅಲ್ಲದೆ ತಂದೆಯರೂ ಬರುವಂತೆ ಮಾಡಬೇಕು. ಶಿಶುಪಾಲನೆಯ ವೆಚ್ಚವನ್ನು ತಾಯಿಯ ಕೂಲಿಯಿಂದ ಮಾತ್ರ ಕಳೆಯುವ ಲೆಕ್ಕ ಅಲ್ಲಿಯೇ ತಿದ್ದಬೇಕಾದುದು.

2002ರ ಸಂವಿಧಾನ ತಿದ್ದುಪಡಿಯಿಂದ 45ನೆಯ ಅನುಚ್ಛೇದವು ಹೊಸ ರೂಪ ಪಡೆದು, ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆ ರಾಜ್ಯವು ಯತ್ನಿಸಬೇಕೆಂದು ನಿರ್ದೇಶಿಸಿದೆ. ರಾಜ್ಯದ ಯತ್ನ ಪೂರ್ಣವಾಗುವವರೆಗೆ ಕೂಸುಗಳ ಬೆಳವಣಿಗೆ ಕಾದು ನಿಲ್ಲುವುದಿಲ್ಲ. ಮೂರು ವರ್ಷವೆಂಬುದು ಆಡಳಿತಕ್ಕೆ ಅಲ್ಪಾವಧಿ. ಕೂಸಿಗೆ ಅದು ಅದರ ಇಡೀ ಆಯುಷ್ಯ. ಶಿಕ್ಷಕರು ಹಾಜರಿ ಪುಸ್ತಕವನ್ನು ತೆರೆದು, ಪದೇ ಪದೇ ಗೈರುಹಾಜರಾಗುವ ಹುಡುಗಿಯರ ಮನೆಯಲ್ಲಿ ಎಷ್ಟು ಕೂಸುಗಳಿವೆಯೆಂದು ವಿಚಾರಿಸಿದರೆ ಕಾರ್ಯದ ಮೊದಲ ಹೆಜ್ಜೆ ಇಟ್ಟಂತಾಗುವುದು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅದರ ಮುಂದಿನ ಹೆಜ್ಜೆಗೆ ಬೆಂಬಲವಾಗಿ ನಿಂತಲ್ಲಿ, ತಾಯಿಯ ಕಾಯಕ, ಅಕ್ಕನ ವಿದ್ಯೆ, ತಮ್ಮನ ಆರೋಗ್ಯ ಈ ಮೂರನ್ನೂ ಒಂದೇ ಸೂರಿನ ಕೆಳಗೆ ಕಾಪಾಡಿದಂತಾಗುತ್ತದೆ.